ಈನಿಡ್ ಬಿದ್ದ ಗಡಿಕಲ್ಲು

ಆಲ್ಡರ್‌ಬಿ ಪೇಟೆಯ ಬಸ್‌ಸ್ಟಾಪಿನಲ್ಲಿ ನಾರ್ಮನ್‌ನ ಮುಂದೆ ಈನಿಡ್ ಮತ್ತು ಹಿಲ್ಡಾ ಎಂಬ ಮುದುಕಿಯರು ನಿಂತಿದ್ದರು. ಅವನ ಕೈಯಲ್ಲಿ ಪತ್ರಿಕೆ ಇದ್ದರೂ ಕಿವಿಯೆಲ್ಲ ಅತ್ತಲೇ ಇತ್ತು.

“ಯಾಕೇ ಈನಿಡ್, ಕುಂಟ್ತಿದ್ದೀಯ?”

“ಹಳೇ ಪದ್ಧತಿಯಂತೆ ಈ ವರ್ಷವೂ ಗಡಿಕಲ್ಲುಗಳನ್ನ ನೋಡ್ಕೊಂಡು ಊರಿನ ಗಡಿ ಸುತ್ತೋಕೆ ಹೋಗಿದ್ವಿ, ಮುಳ್ಳುಪೊದೆಯಲ್ಲಿ ಜಾರಿ ಬಿದ್ದೆ. ಕುಂಡಿಗೆ ಕಲ್ಲು ಬಡೀತು. ನೋಡಿದ್ರೆ ಹಳೇ ಗಡಿಕಲ್ಲು ಕಣೇ!”

“ಹಾಗಾದ್ರೆ ಪಕ್ಕದ ಪುರಸಭೆಯೋರು ತಮ್ಮದು ಅಂತಿದ್ದ ಆ ಹುಲ್ಲುಗಾವಲು?”

“ನಮ್ಮ ಪುರಸಭೆದೇ! ಅಲ್ಲಿ ಮನೆ ಕಟ್ಟಿಸೋಕೆ ಬಂದಿದ್ದೋರು ತಾವು ನೆಟ್ಟಿದ್ದ ಗೂಟ ಕಿತ್ಕೊಂಡು ಹೋದ್ರು.”

“ತೆಪ್ಪಗೆ ಒಪ್ಕೊಂಡ್ರಾ?”

“ಎಲ್ಲಿ! ಕಲ್ಲು ನೀವೇ ತಂದಿಟ್ಟಿದ್ದು ಅಂದ ಅವರ ಕೌನ್ಸಿಲರ್. ನೀನೂ ಒಂದ್ಸಲ ಅದರ ಮೇಲೆ ಬಿದ್ದು ನೋಡಪ್ಪ, ಎಷ್ಟು ಆಳಕ್ಕೆ ಹೂತಿದೆ ಗೊತ್ತಾಗುತ್ತೆ ಅಂದೆ.”

ಬಸ್ಸು ಬಂತು. ಹಿಲ್ಡಾ ಒಳಗೆ ಸೀಟು ಹಿಡಿದು ಕರೆದಳು. ಈನಿಡ್ ಕಲ್ಲು ಬಡಿದ ಜಾಗ ನೀವಿಕೊಳ್ಳುತ್ತಾ ಹತ್ತಿದಳು.

“ನೀನು ಕೂತ್ಕೋ. ಗೆದ್ದೋಳು ನಾನು, ನಿಂತೇ ಬರ್ತೀನಿ!”