ಹತ್ತೊಂಬತ್ತನೇ ಕಂಬದ ಕೆಳಗೆ

ನನ್ನ ಹಳೆಯ ಡೈರಿಯಲ್ಲಿ ಫೆಬ್ರವರಿ ಇಪ್ಪತ್ತಾರು, ಸೋಮವಾರದ ಪುಟದಲ್ಲಿ ಹೀಗಿದೆ: “ರಾತ್ರಿ ಮೂರೂ ಕಾಲು. ಬಾಗಿಲು ಬಡಿದ ಸದ್ದು. ಮೂರು ಸಲ... ತಡೆದು, ಎರಡು ಸಲ. ತೆರೆದರೆ ತಂಗಿಯ ಮಗ. ‘ನಾನು ಬೆಲ್ ಒತ್ತಿದೆ ದೊಡ್ಡಮ್ಮ, ಬಾಗಿಲು ಮುಟ್ಟೇ ಇಲ್ಲ’ ಅಂದ.” ಆಮೇಲೆ ಅವನು ಹೇಳಿದ್ದನ್ನೆಲ್ಲ ಬೆಳಗಾಗುವುದರೊಳಗೆ ಬರೆದಿಟ್ಟೆ. ಒಂದಕ್ಷರ ಸೇರಿಸಿಲ್ಲ.

ಅವನು ಪಾಯದ ಕೆಲಸದ ಇಂಜಿನಿಯರ್. ಹಳೆಯ ಬಣ್ಣದ ಕಾರ್ಖಾನೆ ಕೆಡವಿದ ಜಾಗದಲ್ಲಿ ಮನೆಗಳು ಏಳಬೇಕಿತ್ತು. ನೆಲವೋ, ಬರೀ ಬೂದಿ ತುಂಬಿದ್ದು. ಹದಿನೆಂಟು ಮೀಟರ್ ಕೊರೆದು, ಕಾಂಕ್ರೀಟ್ ತುಂಬಿ, ನೆಲದೊಳಗೇ ಕಂಬ ನಿಲ್ಲಿಸಬೇಕು. ತಿಂಗಳೊಳಗೆ ಮುಗಿಸಿದರೆ ಮೂಲೆಯ ಮನೆ ನಿನಗೇ ಎಂದು ಮಾಲೀಕ ಮಾತು ಕೊಟ್ಟಿದ್ದ. ಇವನದು ಬಾಡಿಗೆಯ ಒಂದೇ ಕೋಣೆ. ಹೆಂಡತಿ ಏಳು ತಿಂಗಳ ಬಸುರಿ. ಉಳಿದಿದ್ದು ಒಂದೇ ಕಂಬ, ಹತ್ತೊಂಬತ್ತನೆಯದು.

ಊರೊಳಗೆ ಕಾಂಕ್ರೀಟ್ ಲಾರಿ ಬಿಡುವುದು ರಾತ್ರಿ ಮಾತ್ರ. ಹನ್ನೆರಡಾದರೂ ಲಾರಿ ಬರಲಿಲ್ಲ. ಹೆಂಡತಿಯ ಮುಖ ನೋಡಿಬರೋಣ ಎಂದು ನಡೆದು ಹೊರಟ. ಕಾರ್ಖಾನೆಯ ಹಾಳುಬಾವಿ ದಾಟಿದ್ದನಷ್ಟೇ... ಹಿಂದಿನಿಂದ ಸದ್ದು.

ಟಣ್... ಟಣ್... ಟಣ್.

ತಡೆದು... ಟಣ್, ಟಣ್.

ಬಾವಿಯಿಂದಲ್ಲ. ಕೊರೆದಿಟ್ಟ ರಂಧ್ರದ ಕಡೆಯಿಂದ. ಕಬ್ಬಿಣದ ಮೇಲೆ ಕಬ್ಬಿಣ ಬಡಿದ ಸದ್ದು. ತಿರುಗಿ ಬಂದ. ಕೊರೆಯುವ ಯಂತ್ರದ ಡ್ರೈವರ್ ರಂಧ್ರದಿಂದ ಹತ್ತು ಮಾರು ದೂರ ನಿಂತಿದ್ದ.

“ಕೇಳಿಸ್ತಾ ಸಾರ್?” ಪಿಸುಗುಟ್ಟಿದ.

“ನೀರಿಳಿಯೋ ಸದ್ದು ಕಣೋ.”

“ನೀರಿಗೆ ಎಣಿಸೋಕೆ ಬರುತ್ತಾ ಸಾರ್?”

ರಂಧ್ರದ ಬಾಯಿಗೆ ಇಳಿಸಿದ್ದ ಉಕ್ಕಿನ ಕೊಳವೆಯೊಳಗೆ ಟಾರ್ಚ್ ಬೆಳಕು ಬಿಟ್ಟ. ಕಪ್ಪು ಕೆಸರುನೀರು. ಅಲುಗಾಟವಿಲ್ಲ.

“ಯಾರಾದ್ರೂ ಬಿದ್ದಿದ್ರೆ?”

“ಎರಡಡಿ ತೂತಿಗೆ ಯಾರೋ ಬೀಳ್ತಾರೆ? ನಿನ್ನ ಹೊಟ್ಟೆ ಹಿಡಿಸುತ್ತಾ ನೋಡು.”

ಅಷ್ಟರಲ್ಲಿ ಲಾರಿ ಬಂತು. ಗಂಟೆಯೊಳಗೆ ಸುರಿಯದಿದ್ದರೆ ಕಾಂಕ್ರೀಟ್ ಕೆಟ್ಟುಹೋಗುತ್ತದೆ. ವಾಪಸ್ ಕಳಿಸಿದರೆ ಇನ್ನೊಂದು ಲಾರಿಗೆ ನಾಲ್ಕು ದಿನ. ಅಲ್ಲಿಗೆ ತಿಂಗಳು ಮುಗಿಯಿತು, ಮನೆ ಕೈಬಿಟ್ಟಿತು.

ಟಣ್... ಟಣ್... ಟಣ್. ಟಣ್, ಟಣ್.

“ಸುಮ್ನಿರಪ್ಪಾ ಸಾಕು!” ಅಂತ ಸುತ್ತಿಗೆ ಎತ್ತಿ ಕೊಳವೆಗೆ ಒಂದು ಬಿಟ್ಟ.

ಠಣ್!

ಕೆಳಗಿನ ಸದ್ದು ಅಲ್ಲಿಗೇ ನಿಂತಿತು.

“ನೋಡಿದ್ಯಾ? ಗದರಿಸಿದ್ರೆ ಎಲ್ಲರೂ ಸುಮ್ನಾಗ್ತಾರೆ.”

ಡ್ರೈವರ್ ನಗಲಿಲ್ಲ. “ಸಾರ್, ಒಂದು ರಾತ್ರಿ ಬಿಟ್ಟು ನೋಡೋಣ...”

“ಸುರಿ ಅಂದೆ.”

ಗುಳ... ಗುಳ... ಗುಳ. ಕಾಂಕ್ರೀಟ್ ಪೈಪಿನಲ್ಲಿ ತಳಕ್ಕಿಳಿದು, ತಳದ ಕೆಸರನ್ನು ಮೇಲಕ್ಕೆ ನೂಕುತ್ತದೆ. ತಳದಲ್ಲಿದ್ದದ್ದು ಕೊನೆಗೆ ಬಾಯಿಗೆ ಬರಬೇಕು. ಬಂತು. ಮೊದಲು ಕಡುನೀಲಿ ಕೆಸರು. ಅದರ ಹಿಂದೆ ಹೆಬ್ಬೆರಳು ದಪ್ಪದ ಹಗ್ಗ. ತುದಿಯಲ್ಲಿ ಒಂದು ಕುಣಿಕೆ... ಒಬ್ಬ ಮನುಷ್ಯನ ಸೊಂಟದಷ್ಟು. ಗಂಟು ಬಿಚ್ಚಿರಲಿಲ್ಲ.

ಗೇಟಿನ ಅಜ್ಜಿ ಯಾವಾಗ ಬಂದು ನಿಂತಳೋ. ಕಾರ್ಖಾನೆ ನಡೆಯುತ್ತಿದ್ದಾಗಿನಿಂದ ಅಲ್ಲೇ ಕಾವಲಿದ್ದವಳು. ಬಗ್ಗಿ ಹಗ್ಗ ಮುಟ್ಟಿದಳು.

“ಸದ್ದು ನಿಂತ್ಹೋಯ್ತಲ್ಲ... ತಿರುಗಿ ಹೊಡೆದವರು ಯಾರು?”

“ನಾನೇ ಅಜ್ಜಿ.”

“ಎಷ್ಟು ಹೊಡೆದೆ?”

“ಒಂದು.”

ಅಜ್ಜಿ ಕೆಸರಲ್ಲೇ ಕುಸಿದು ಕೂತಳು.

“ಇಲ್ಲಿ ಬಣ್ಣದ ತೊಟ್ಟಿ ಇತ್ತಪ್ಪ. ತೊಳೆಯೋಕೆ ನಮ್ಮೆಜಮಾನ್ರು ಸೊಂಟಕ್ಕೆ ಹಗ್ಗ ಕಟ್ಕೊಂಡು ಇಳೀತಿದ್ರು. ಉಸಿರು ಕಟ್ಟಿದ್ರೆ ಪೈಪಿಗೆ ಮೂರು, ಆಮೇಲೆ ಎರಡು ಹೊಡೀಬೇಕು, ಎಳೀರಿ ಅಂತ. ಮೇಲಿನವನು ಒಂದು ಹೊಡೆದ್ರೆ, ಇರು, ಎಳೀತೀನಿ ಅಂತ. ಅವತ್ತು ಮೇಲಿದ್ದವನು ಒಂದು ಹೊಡೆದು... ಟೀ ಕುಡಿಯೋಕೆ ಹೋದ.”

ಇವನು ಸುತ್ತಿಗೆ ಕೆಳಗಿಟ್ಟ.

“ಮೂವತ್ತು ವರ್ಷದಿಂದ ರಾತ್ರಿ ರಾತ್ರಿ ಕೇಳಿಸ್ಕೊಂಡಿದೀನಿ. ಒಂದು ಸಲಾನೂ ತಿರುಗಿ ಹೊಡೀಲಿಲ್ಲ. ಎಳೆಯೋ ಶಕ್ತಿ ಇಲ್ಲದವಳು ಯಾವ ಮುಖ ಇಟ್ಕೊಂಡು ಇರು ಅನ್ನಲಿ? ನೀನು ಮಾತು ಕೊಟ್ಟು ಬಾಯಿಗೆ ಮಣ್ಣು ಹಾಕಿದ್ಯಲ್ಲೋ...”

“ಗೊತ್ತಿರಲಿಲ್ಲ ಅಜ್ಜಿ. ಈಗೇನು ಮಾಡ್ಲಿ?”

“ಎಳಿ,” ಅಂದಳು. ಅಲ್ಲಿಂದ ಇವನು ನೇರ ನಮ್ಮ ಬಾಗಿಲಿಗೆ ಬಂದ.

ಕೊನೆಗೆ ಇದಕ್ಕೆ ತೆತ್ತದ್ದು ಇಷ್ಟು. ಮೂಲೆಯ ಮನೆ ಅವನಿಗೆ ಸಿಕ್ಕಿತು. ಅದರಲ್ಲಿ ಮಲಗಿದ್ದು ಹನ್ನೊಂದು ರಾತ್ರಿ. ನಿದ್ದೆಯಲ್ಲೇ ಎದ್ದು ಕೂತು, ಎರಡೂ ಕೈಯಿಂದ ಏನನ್ನೋ ಎಳೆಯುತ್ತಾನೆ. ಬೆಳಗಾದರೆ ಅಂಗೈ ಚರ್ಮ ಕಿತ್ತುಬಂದಿರುತ್ತದೆ. ಹೆಂಡತಿ ಕೂಸನ್ನೆತ್ತಿಕೊಂಡು ತವರಿಗೆ ಹೋದವಳು ತಿರುಗಿ ಬರಲಿಲ್ಲ. ಗಾಯ ಕೊಳೆತು ಬಲಗೈಯ ಎರಡು ಬೆರಳು ತೆಗೆದರು. ಅಜ್ಜಿ ಕಾಂಕ್ರೀಟ್ ಸುರಿದ ವಾರವೇ ತೀರಿಕೊಂಡಿದ್ದಳು. ಮನೆಗೆ ಬೀಗ ಬಿದ್ದಿದೆ. ಅವನೀಗ ಇರುವುದು ನಮ್ಮ ಹಿಂದಿನ ಕೋಣೆಯಲ್ಲಿ. ಉಳಿದ ಎಂಟು ಬೆರಳಲ್ಲೇ ಎಳೆಯುತ್ತಾನೆ.

ಕಟ್ಟುಕತೆ ಅನ್ನುವವರು ಅನ್ನಲಿ. ಅವನು ಹೊದೆಯುತ್ತಿದ್ದ ಬಿಳಿ ಚಾದರವನ್ನು ನಾನೇ ಮೂರು ಸಲ ಸೋಡಾ ಹಾಕಿ ಕುದಿಸಿದ್ದೇನೆ. ರಕ್ತದ ಕಲೆ ಹೋಯಿತು. ನೀಲಿ ಹೋಗಿಲ್ಲ. ಬೀರುವಿನಲ್ಲಿದೆ. ಬನ್ನಿ, ತೋರಿಸುತ್ತೇನೆ.