ರಿವರ್ಸ್ ಇಲ್ಲದ ಮಷಿನ್

...ಅಯ್ಯೋ, ಅದಕ್ಕೆ ಯಾಕೆ ಇಷ್ಟು ಮುಖ ಊದಿಸ್ಕೊಂಡಿದೀಯ? ಮಷಿನ್ ತಿರುಗಲಿಲ್ಲ, ಅಷ್ಟೇ ತಾನೆ! ಇಳಿ, ಇಳಿ ಏಣಿಯಿಂದ. ಟೀ ತಂದಿದೀನಿ. ಫ್ಯಾಕ್ಟರಿ ಮಾಲೀಕನೇ ಫ್ಲಾಸ್ಕ್ ಹಿಡ್ಕೊಂಡು ಶೆಡ್ಡಿಗೆ ಬಂದಿದಾನೆ, ಚೀಫ್ ಇಂಜಿನಿಯರ್ ಮೇಡಂ ಒಂದು ನಗೆನಾದ್ರೂ ಕೊಡಬಾರ್ದಾ? ...ಬೇಡ ಬಿಡು. ಮೂಗಿಗೆ ಗ್ರೀಸ್ ಅಂಟಿದೆ, ಒರೆಸ್ಕೋ. ಅಲ್ಲಲ್ಲ, ಈ ಕಡೆ. ಹಾಂ... ಈಗ ಇನ್ನೂ ಹರಡ್ತು.

ಕೂತ್ಕೋ. ಈ ಟೂಲ್ ಬಾಕ್ಸ್ ಮೇಲೇ ಕೂತ್ಕೋ. ಚಿಕ್ಕವಳಿದ್ದಾಗ ಇಲ್ಲೇ ಕೂರ್ತಿದ್ದೆ, ಅಪ್ಪನ ಕೆಲಸ ಮುಗಿಯೋ ತನಕ ಕಾಲು ಅಲ್ಲಾಡಿಸ್ಕೊಂಡು. ಆಗಲೂ ಉಗುರು ಕಚ್ಚೋದೇ, ಈಗಲೂ ಅದೇ! ಬಿಡೇ, ತಿನ್ನೋಕೆ ಅಲ್ಲಿ ಇನ್ನೇನು ಉಳಿದಿದೆ?

ನೋಡು ಇದನ್ನ. ಮೂರಂತಸ್ತಿನ ಮನೆಯಷ್ಟು ದೊಡ್ಡ ಮುಖ, ಮುಖದ ತುಂಬಾ ಹಲ್ಲು, ಬೆಟ್ಟದ ಹೊಟ್ಟೆನೇ ಕೊರೆದು ಸುರಂಗ ಮಾಡೋ ಪ್ರಾಣಿ! ಇವತ್ತು ಮಧ್ಯಾಹ್ನ ಕೊಂಡ್ಕೊಳ್ಳೋರು ಬಂದು 'ತಿರುಗಿಸಿ, ನೋಡೋಣ' ಅಂತಾರೆ ಅನ್ನೋವಾಗ ಮುನಿಸ್ಕೊಂಡು ಕೂತಿದೆ. ನಿನ್ನ ತಂಗಿ ತಾನೆ, ಇನ್ನು ಹೇಗಿರುತ್ತೆ! ...ಯಾಕೆ ನಗ್ತೀಯ? ನಗಲಿಲ್ವಾ? ತುಟಿ ಅಲ್ಲಾಡಿದ ಹಾಗಾಯ್ತಪ್ಪ.

ತಗೋ, ಟೀ. ಫ್ಲಾಸ್ಕಿನ ಹಿಡಿಕೆ ಹುಷಾರು, ಮುರಿದಿತ್ತು, ಟೇಪ್ ಸುತ್ತಿದೀನಿ. ಹೌದು ಕಣೇ, ಇದಕ್ಕೂ ತುದಿ ಮಡಚಿದೀನಿ. ನಿಮ್ಮಮ್ಮ ಆಡ್ಕೋತಾಳೆ... ರಿಮೋಟಿಗೆ ಟೇಪು, ಛತ್ರಿಗೆ ಟೇಪು, ಎಲ್ಲ ಟೇಪಿಗೂ ಮಡಚಿದ ಬಾಲ ಅಂತ. ಏನ್ ಮಾಡ್ಲಿ? ಆಮೇಲೆ ಬಿಚ್ಚೋರು ಉಗುರಲ್ಲಿ ಕೆರೀತಾ ಕೂರಬಾರ್ದಲ್ಲ. ಈ ಶೆಡ್ಡಲ್ಲಿ ಎಲ್ಲರಿಗೂ ಹೇಳ್ಕೊಟ್ಟೆ. ಕಲಿತವಳು ನೀನೊಬ್ಬಳೇ.

ನನ್ನ ಮಾತು ಕೇಳು. ಕೊಂಡ್ಕೊಳ್ಳೋರಿಗೆ ಫೋನ್ ಮಾಡಿ, ಟೆಸ್ಟ್ ಮುಂದಕ್ಕೆ ಹೋಯ್ತು ಅಂದ್ಬಿಡೋಣ. ಆತುರ ಏನಿದೆ? ನೀವು ಸುರಂಗ ಕೊರೆಯೋದು ನದಿ ಕೆಳಗೆ ತಾನೆ? ಆ ನದಿ ಎಲ್ಲಿಗೂ ಓಡಿ ಹೋಗಲ್ಲ... ಅಂದ್ರೆ, ಓಡ್ತಾನೇ ಇರುತ್ತೆ, ಆದ್ರೆ ಅಲ್ಲೇ ಇರುತ್ತೆ. 'ಮಷಿನ್ ಜೊತೆ ನಾನೇ ಹೋಗ್ತೀನಿ, ಕೆಲಸ ಮುಗಿಯೋ ತನಕ ನಾನೇ ನಡೆಸ್ತೀನಿ' ಅಂತ ಹಠ ಹಿಡಿದಿದೀಯಲ್ಲ, ಹೋಗುವಿಯಂತೆ! ಯಾರು ಬೇಡ ಅಂದ್ರು? ಮಳೆಗಾಲ ಒಂದು ಕಳೀಲಿ. ಇಲ್ಲಾಂದ್ರೆ ನಮ್ಮ ಬೋಳುತಲೆ ಸೂಪರ್‌ವೈಸರನ್ನ ಕಳಿಸೋಣ. ಅವನ ಹೆಂಡತಿಗೂ ಸ್ವಲ್ಪ ನೆಮ್ಮದಿ ಸಿಗುತ್ತೆ.

ನಗಲ್ಲ ಅಂತ ಶಪಥ ಮಾಡಿದೀಯ, ಅಲ್ವಾ?

ಮಷಿನ್‌ಗೆ ರಿವರ್ಸ್ ಇಲ್ಲ ಅಂತ ಮೊದಲನೇ ಸಲ ಹೇಳ್ಕೊಟ್ಟಿದ್ದು ನೆನಪಿದೆಯಾ? ತನ್ನ ಹಿಂದೆ ಕಾಂಕ್ರೀಟ್ ಬಳೆ ಕೂರಿಸ್ತಾ ಹೋಗುತ್ತೆ, ಬಳೆ ತನಗಿಂತ ಸಣ್ಣದು, ವಾಪಸ್ ಬರೋಕೆ ದಾರಿ ಎಲ್ಲಿ? ಥೇಟ್ ನಿಮ್ಮಮ್ಮ, ಆಡಿದ ಮಾತು ವಾಪಸ್ ತಗೊಳ್ಳಲ್ಲ! ನೀನು ಕಣ್ಣು ದೊಡ್ಡದು ಮಾಡ್ಕೊಂಡು, 'ಹಾಗಾದ್ರೆ ಒಳಗಿರೋರು ಮನೆಗೆ ಹೇಗೆ ಬರ್ತಾರಪ್ಪಾ?' ಅಂದೆ. ಕೊರೆದ ದಾರೀಲೇ ನಡ್ಕೊಂಡು ಬರ್ತಾರೆ ಪುಟ್ಟೀ, ಅಂದೆ. ನೀನು ಸಮಾಧಾನವಾಗಿ ನಿದ್ದೆ ಮಾಡಿದೆ. ಈಗ ನಿದ್ದೆ ಬಾರದೇ ಇರೋದು... ಹೋಗ್ಲಿ ಬಿಡು.

ಮೋಟಾರ್ ನೋಡಿದೆಯಾ? ಬೇರಿಂಗು? ಎಣ್ಣೆ ಪಂಪು? ಎಲ್ಲಾ ಸರಿ ಇದೆಯಾ! ಛೆ, ಛೆ. ಹಾಗಾದ್ರೆ ಎಲ್ಲಾ ಬಿಚ್ಚಿ ಮೊದಲಿಂದ ನೋಡಬೇಕಾಗುತ್ತೆ. ದೊಡ್ಡ ಕೆಲಸ, ಪಾಪ.

ಏನು? ಬಾಗಿಲಾ? ಒಳಗೆ ನುಗ್ಗೋ ಆ ಸಣ್ಣ ಬಾಗಿಲಾ? ಮುಚ್ಚೇ ಇದೆಯಲ್ಲ. ...ಮುಚ್ಚಿದ್ರೂ ತೆರೆದಿದೆ ಅಂತ ತೋರಿಸ್ತಿದೆಯಾ? ಹೌದೌದು, ತೆರೆದಿದ್ರೆ ಹಲ್ಲಿನ ಚಕ್ರ ತಿರುಗಬಾರ್ದು, ಒಳಗೆ ಮನುಷ್ಯರಿರ್ತಾರೆ. ನಾವೇ ಇಟ್ಟಿರೋ ವ್ಯವಸ್ಥೆ ಅದು. ಅಲ್ಲೊಂದು ಪುಟ್ಟ ಕಣ್ಣಿರುತ್ತೆ, ಸೆನ್ಸರ್, ಬಾಗಿಲು ಮುಚ್ಚಿತಾ ಇಲ್ವಾ ಅಂತ ನೋಡೋಕೆ. ಧೂಳು ಕೂತಿರುತ್ತೆ. ಧೂಳೇ. ಇರು, ನಾನೇ ಹತ್ತಿ ನೋಡ್ತೀನಿ... ಬೇಡವಾ? ನೀನೇ ನೋಡಿದೆಯಾ?

ಕೈಯಲ್ಲೇನು? ಮುಷ್ಟಿ ಬಿಚ್ಚು.

ಟೇಪು. ಕಪ್ಪು ಟೇಪು... ಆ ಕಣ್ಣಿನ ಮೇಲೆ ಇತ್ತಾ? ಅಯ್ಯೋ, ಯಾವ ಪುಣ್ಯಾತ್ಮ ಅಂಟಿಸಿದ! ಈ ಫಿಟ್ಟರ್‌ಗಳಿಗೆ ಎಷ್ಟು ಸಲ ಹೇಳ್ಬೇಕು, ಕೆಲಸ ಮುಗಿದ ಮೇಲೆ... ಕರೀತೀನಿ ಇರು, ಒಬ್ಬೊಬ್ಬರಿಗೂ ಮಂಗಳಾರತಿ ಮಾಡ್ತೀನಿ...

ಯಾಕೆ ಹಾಗೆ ನೋಡ್ತೀಯ?

ಬೈಯೋದಾದ್ರೆ ಬೈ. ಟೇಪಿನ ತುದಿ ಯಾಕೆ ಸವರ್ತಿದೀಯ...

ಓ.

...ಮಡಚಿದೆ.

ಟೀ ಆರಿಹೋಗುತ್ತೆ, ಕುಡಿ. ಕುಡಿಯೇ... ಸರಿ, ಬೇಡ.

ಇಷ್ಟು ವರ್ಷ ಒಳಗೆ ಹೋದೋರೆಲ್ಲ ಬೇರೆಯವರ ಮಕ್ಕಳು ಕಣೇ. 'ನಮ್ಮ ಮಷಿನ್, ಏನೂ ಆಗಲ್ಲ, ಧೈರ್ಯವಾಗಿರಿ' ಅಂತ ಅವರ ಅಪ್ಪಂದಿರ ಕೈ ಹಿಡ್ಕೊಂಡು ಹೇಳಿ, ಮನೆಗೆ ಬಂದು ಗೊರಕೆ ಹೊಡೆದೋನು ನಾನು. ಈಗ ಅದೇ ಮಾತು ನನಗೆ ನಾನೇ ಹೇಳ್ಕೋತೀನಿ, ಹೇಳ್ಕೋತೀನಿ... ನಾಟಲ್ಲ. ಮಷಿನ್ ಗಟ್ಟಿ ಇದೆ. ನಾನೇ ಮಾಡಿದ್ದಲ್ವಾ, ಗೊತ್ತು. ಆದ್ರೂ ಭಯ ಆಗುತ್ತೆ ಪುಟ್ಟೀ.

ಕೆಡಿಸೋಕೆ ಹೋದೋನು ತುದಿ ಯಾಕೆ ಮಡಚಿದೆ ಅಂತೀಯಾ? ಹೂಂ, ಈಗ ನಗು! ಈಗ ಚೆನ್ನಾಗಿ ನಗು... ಅಳ್ತಿದೀಯಾ? ಏಯ್, ಗ್ರೀಸ್ ಕೈಲಿ ಕಣ್ಣು ಒರೆಸ್ಬೇಡ.

ಹೇಗಿದ್ರೂ ಹುಡುಕಿ ಬಿಚ್ಚೋಳು ನೀನೇ ಅಂತ ಗೊತ್ತಿತ್ತು ಕಣೇ. ನಿನಗೆ ಉಗುರೆಲ್ಲಿದೆ?