ಕಡಲಿಲ್ಲದವರ ದೋಣಿ

ಲೆಸ್ವೋಸ್ ದ್ವೀಪದ ನಮ್ಮೂರ ಬೇಕರಿಯಲ್ಲಿ ಬೆಳಿಗ್ಗೆ ಬ್ರೆಡ್ಡಿಗೆ ನಿಂತಿದ್ದೆವು. ನನ್ನ ಮುಂದೆ ಮುದಿ ಮೀನುಗಾರ ಸ್ತ್ರಾತಿಸ್, ಅವನ ಮುಂದೆ ಪ್ರವಾಸಿಗರಿಗೆ ಕೋಣೆ ಬಾಡಿಗೆಗೆ ಕೊಡುವ ಎವಾಂಥಿಯಾ.

“ಹೊಸ ರಕ್ಷಣಾ ದೋಣಿ ನಿನ್ನೆ ನಲವತ್ತು ನಿರಾಶ್ರಿತರನ್ನ ನೀರಿಂದ ಎತ್ಕೊಂಡು ಬಂತಂತೆ, ಮಾಮ,” ಎಂದಳು ಎವಾಂಥಿಯಾ ಹಿಂತಿರುಗಿ.

“ಕಣ್ಣಾರೆ ನೋಡಿದೆ. ಮುಂಚೆ ನಾನು ಎತ್ತೋಕೆ ಹೋದಾಗ ನನ್ನ ದೋಣೀಲಿ ಆರು ಜನ ಹತ್ತಿದ್ರೆ ಏಳನೆಯವನ ಕೈ ಬಿಡಬೇಕಿತ್ತು. ಸರ್ಕಾರಕ್ಕೆ ಕೊನೆಗೂ ಬುದ್ಧಿ ಬಂತು.”

“ನಮ್ಮ ಸರ್ಕಾರ ಒಂದೇ ಅಲ್ಲ. ದೂರದೂರದ ದೇಶಗಳೂ ಸೇರಿ ಹಾಕಿರೋ ದುಡ್ಡು. ಚೆಕ್ ದೇಶದವರದ್ದೂ ಇದೆ.”

“ಹೋಗಮ್ಮ! ಅವರಿಗೆ ಕಡಲೇ ಇಲ್ಲ.”

“ಇಲ್ಲ. ಆದ್ರೂ ಕೊಟ್ಟಿದಾರೆ.”

ಮುದುಕ ಟೋಪಿ ತೆಗೆದ.

“ನಿನ್ನ ಕೋಣೇಲಿರೋ ಚೆಕ್ ಮೇಷ್ಟ್ರು, ಮೊಣಕಾಲುದ್ದ ನೀರಿಗೇ ಕಿರುಚ್ಕೊಂಡ್ನಲ್ಲ, ಅವನ ಪಾಲೂ ಇದೆಯಾ?”

“ತೆರಿಗೆ ಕಟ್ತಾನಲ್ಲ, ಇದ್ದೇ ಇರುತ್ತೆ. ನೀವು ಬಿದ್ದು ಬಿದ್ದು ನಕ್ಕಿದ್ರಿ.”

“ನಕ್ಕಿದ್ದೆ. ಕಡಲು ಕಂಡ್ರೆ ನಡುಗೋನು, ತನ್ನ ದುಡ್ಡಿಂದ ನನ್ನ ಆ ಏಳನೆಯವನನ್ನ ಎತ್ತಿಬಿಟ್ನಲ್ಲೇ!”

ಇಬ್ಬರೂ ಬ್ರೆಡ್ ತೆಗೆದುಕೊಂಡು ಹೊರಟರು. ಬಾಗಿಲಾಚೆ ಮುದುಕನ ದನಿ ಕೇಳಿಸಿತು:

“ಸಂಜೆ ಆ ಮೇಷ್ಟ್ರನ್ನ ದಡಕ್ಕೆ ಕಳಿಸಮ್ಮ. ಅವನಿಗೆ ಈಜು ನಾನು ಕಲಿಸ್ತೀನಿ.”